ಬಾಡಿಗೆ ಬಂಗಲೆಯಲ್ಲಿ ಮದುವೆಮನೆ

ಮದುವೆ ಫೋಟೋ ವಿಷಯ ಮಾತಾಡೋಕೆ ಬರುವ ಹುಡುಗಿಯರು ಮೊದಲು ಹೇಳೋದು ಒಂದೇ ಮಾತು. "ನಮಗೆ ಡಾಕ್ಯುಮೆಂಟರಿ ಸ್ಟೈಲ್ ಬೇಕು ಅಕ್ಕಾ. ಪೋಸ್ ಎಲ್ಲಾ ಬೇಡ." ಪಕ್ಕದಲ್ಲಿ ಕೂತ ಅಮ್ಮ ಆಗ ಏನೂ ಹೇಳುವುದಿಲ್ಲ. ಹುಡುಗಿಗೆ ಫೋನ್ ಬಂದು ಆಚೆ ಹೋದಳೋ, ಮೆಲ್ಲಗೆ ಕೇಳುತ್ತಾರೆ. "ಗ್ರೂಪ್ ಫೋಟೋ ತೆಗೀತೀರಾ ತಾನೇ? ಊರಿಂದ ತುಂಬಾ ಜನ ಬರ್ತಿದಾರೆ."

ಇಬ್ಬರಿಗೂ ಹೂಂ ಅನ್ನುತ್ತೇನೆ. ಇಬ್ಬರು ಕೇಳೋದೂ ನ್ಯಾಯವೇ.

ನಾನು ತಿಪಟೂರಿನವಳು. ಈಗ ಇರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನನ್ನ ಶನಿವಾರಗಳೆಲ್ಲ ಯಾವುದಾದರೂ ಹಳೇ ಜಮೀನ್ದಾರಿ ಬಂಗಲೆಯಲ್ಲಿ ಕಳೆಯುತ್ತವೆ. ಗೇಟಿನ ಒಳಗೆ ಬಂದ ಮೇಲೂ ಕಾರಲ್ಲಿ ಒಂದಷ್ಟು ದೂರ ಹೋಗಬೇಕು. ಎರಡೂ ಕಡೆ ಓಕ್ ಮರ, ಕುರಿ ಮೇಯುವ ಹುಲ್ಲುಗಾವಲು. ಕೊನೆಗೆ ಕಂಬಗಳ ಸಾಲಿರುವ ಒಂದು ದೊಡ್ಡ ಮನೆ. ಅದರ ಮುಂದೆ ಜಲ್ಲಿ ಹಾಕಿದ ಅಂಗಳ, ಅಂಗಳದಲ್ಲಿ ಮಂಟಪದ ಸಾಮಾನು ಇಳಿಸುತ್ತಿರುವ ಲಾರಿ.

ಇಂಥ ಮನೆಗಳು ಮದುವೆಗೆ ಸಿಗೋಕೆ ಕಾರಣ ದುಡ್ಡು. ಇಪ್ಪತ್ತನೇ ಶತಮಾನದಲ್ಲಿ ತೆರಿಗೆ, ರಿಪೇರಿ ಖರ್ಚು ತಾಳಲಾರದೆ ನೂರಾರು ಬಂಗಲೆಗಳನ್ನು ಕೆಡವಿಬಿಟ್ಟರು. ಉಳಿದವು ಏನಾದರೂ ದುಡಿಮೆ ಹುಡುಕಿಕೊಳ್ಳಬೇಕಿತ್ತು. 1994ರ ಮದುವೆ ಕಾಯ್ದೆ ಅದಕ್ಕೆ ದಾರಿ ಮಾಡಿಕೊಟ್ಟಿತು. ಅದಕ್ಕೆ ಮುಂಚೆ ಸಿವಿಲ್ ಮದುವೆ ಅಂದರೆ ರಿಜಿಸ್ಟ್ರಾರ್ ಕಚೇರಿಯಲ್ಲೇ ಆಗಬೇಕಿತ್ತು. 1995ರಿಂದ ಹೋಟೆಲು, ಬಂಗಲೆಗಳಿಗೂ ಲೈಸೆನ್ಸ್ ಸಿಗತೊಡಗಿತು. ನಮ್ಮವರಿಗೆ ಬೇಕಾದ್ದೆಲ್ಲ ಅಲ್ಲಿ ಇತ್ತು. ನಾನೂರು ಜನ ಹಿಡಿಸುವ ಹುಲ್ಲುಹಾಸು, ಕಾರು ನಿಲ್ಲಿಸೋಕೆ ಬಯಲು, ಪಕ್ಕದ ಮನೆಯವರ ಕಾಟ ಇಲ್ಲ.

ಒಂದು ವಿಷಯ ಊರಲ್ಲಿರೋರಿಗೆ ಗೊತ್ತಿರಲಿಕ್ಕಿಲ್ಲ. ಬಂಗಲೆಯಲ್ಲಿ ಪುರೋಹಿತರು ಮಾಡಿಸುವ ಶಾಸ್ತ್ರದಿಂದಷ್ಟೇ ಇಲ್ಲಿ ಕಾನೂನಿನ ಪ್ರಕಾರ ಮದುವೆ ಆದ ಹಾಗಲ್ಲ. 28 ದಿನ ಮುಂಚೆ ನೋಟಿಸ್ ಕೊಟ್ಟು, ರಿಜಿಸ್ಟ್ರಾರ್ ಮುಂದೆ ಬೇರೆಯಾಗಿ ಮದುವೆಯಾಗಬೇಕು. ಆ ಸಿವಿಲ್ ಮದುವೆಯಲ್ಲಿ ಮಂತ್ರ, ದೇವರ ಹಾಡು ಯಾವುದೂ ಸೇರುವಂತಿಲ್ಲ. ಅದಕ್ಕೇ ಜಾಸ್ತಿ ಜೋಡಿಗಳು ಯಾವುದೋ ಮಂಗಳವಾರ ಕೌನ್ಸಿಲ್ ಕಚೇರಿಗೆ ಹೋಗಿ ಸಹಿ ಹಾಕಿ ಬಂದಿರುತ್ತಾರೆ. ಸರ್ಕಾರದ ಲೆಕ್ಕಕ್ಕೆ ಅವರು ಆಗಲೇ ಗಂಡ ಹೆಂಡತಿ. ಅಜ್ಜಿಯ ಲೆಕ್ಕಕ್ಕೆ ಮಾತ್ರ ಶನಿವಾರ ಮಾಂಗಲ್ಯ ಕಟ್ಟಿದ ಮೇಲೇ. ನಾನು ಅಜ್ಜಿಯ ಪಕ್ಷ.

ಈ ಬಂಗಲೆಗಳಲ್ಲಿ ಕೆಲವಕ್ಕೆ ನಮ್ಮ ನಂಟು ಹಳೆಯದು, ಅಷ್ಟೇನೂ ಹಿತವಾದದ್ದಲ್ಲ. ನಮ್ಮ ಮನೆ ಹತ್ತಿರದ ಬೇಸಿಲ್ಡನ್ ಪಾರ್ಕ್ ಕಟ್ಟಿಸಿದ ಫ್ರಾನ್ಸಿಸ್ ಸೈಕ್ಸ್ ದುಡ್ಡು ಮಾಡಿದ್ದು ಬಂಗಾಳದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿ. ಗ್ಲಾಸ್ಟರ್‌ಶೈರ್‌ನ ಸೆಜಿನ್‌ಕೋಟ್ ಅನ್ನೋ ಮನೆ ಇನ್ನೂ ವಿಚಿತ್ರ. ಅದೇ ಕಂಪನಿಯ ಕೆಲಸದಲ್ಲಿದ್ದ ಒಂದು ಕುಟುಂಬದವರು 1805ರ ಸುಮಾರಿಗೆ ಕಟ್ಟಿಸಿದ್ದು. ಹೊರಗಿಂದ ಮೊಘಲ್ ಗುಮ್ಮಟ, ಒಳಗೆ ಪೂರ್ತಿ ಇಂಗ್ಲಿಷ್ ಮನೆ. ತೋಟದ ಸೇತುವೆ ಮೇಲೆ ನಂದಿಗಳು ಕೂತಿವೆ. ವೇಲ್ಸ್‌ನ ಪೊವಿಸ್ ಕೋಟೆಯಲ್ಲಿ ನಮ್ಮ ಟಿಪ್ಪುವಿನ ಡೇರೆಯೇ ಇದೆ. ಒಂದು ಕಾಲಕ್ಕೆ ಆ ಮನೆಯವರು ಅದನ್ನು ತೋಟದ ಪಾರ್ಟಿಗೆ ಶಾಮಿಯಾನ ಮಾಡಿಕೊಂಡಿದ್ದರಂತೆ! ತನ್ನ ಆಸ್ತಿಗಳಿಗೂ ವಸಾಹತು ಕಾಲಕ್ಕೂ ಇರುವ ನಂಟಿನ ಬಗ್ಗೆ, ಇಂಥ ಹಳೇ ಮನೆಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆ 2020ರಲ್ಲಿ ವರದಿ ತಂದಾಗ ಅದರಲ್ಲಿ 93 ಜಾಗಗಳ ಹೆಸರಿತ್ತು. ಇದನ್ನೆಲ್ಲ ಮದುಮಗಳಿಗೆ ಹೇಳಿ ತಲೆ ತಿನ್ನುವುದಿಲ್ಲ. ಆದರೆ ಗೋಡೆ ಮೇಲಿನ ದೊರೆಯ ತೈಲಚಿತ್ರದ ಕೆಳಗೆ ಹಾಸನದ ದೊಡ್ಡಮ್ಮ ಕಾಲು ಚಾಚಿ ಕೂತು ಹೂ ಕಟ್ಟುತ್ತಿದ್ದರೆ, ಆ ಫೋಟೋ ನಾನು ಬಿಡೋದಿಲ್ಲ.

ನನ್ನ ಮಟ್ಟಿಗೆ ಡಾಕ್ಯುಮೆಂಟರಿ ಫೋಟೋ ಅಂದರೆ ಅದೇ. ಆ ಮನೆ ಅವತ್ತು ಬಂದ ಯಾರದ್ದೂ ಅಲ್ಲ. ಬೆಳಿಗ್ಗೆ ಏಳಕ್ಕೆ ಬೀಗ ತೆಗೆದುಕೊಡುತ್ತಾರೆ, ರಾತ್ರಿ ಹನ್ನೆರಡಕ್ಕೆ ಆಚೆ ಕಳಿಸುತ್ತಾರೆ. ಆ ನಡುವೆ ಎಲ್ಲೋ ಒಂದು ಹೊತ್ತಲ್ಲಿ ಅದು ಮದುವೆಮನೆ ಆಗುತ್ತೆ. ಹೇಗೆ ಆಗುತ್ತೆ ಅನ್ನೋದನ್ನು ಹಿಡಿಯೋದೇ ನನ್ನ ಕೆಲಸ. ಬಂಗಲೆಯವರ ಜಾಹೀರಾತಿನಲ್ಲಿ ಬರುವ ದೊಡ್ಡ ಮೆಟ್ಟಿಲು, ಕಾರಂಜಿ ಇವೆಲ್ಲ ಯಾರು ತೆಗೆದರೂ ಒಂದೇ ಥರ ಬರುತ್ತವೆ.

ಒಂದು ಜೂನ್ ತಿಂಗಳ ಮದುವೆ ಹೇಳುತ್ತೇನೆ. ಹುಡುಗಿ ಹಾಸನದ ಕಡೆಯವರ ಮಗಳು, ಬೆಳೆದದ್ದೆಲ್ಲ ಇಲ್ಲೇ. ಹುಡುಗ ಲೆಸ್ಟರ್‌ನ ಗುಜರಾತಿ. ಅವನ ಅಜ್ಜಿ 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಏಷ್ಯಾದವರನ್ನೆಲ್ಲ ಓಡಿಸಿದಾಗ ಮಕ್ಕಳನ್ನು ಕಟ್ಟಿಕೊಂಡು ಬಂದವರು. ಮುಹೂರ್ತ ಹತ್ತೂವರೆಗೆ. ಲಂಡನ್ನಿನ ಸೂರ್ಯೋದಯಕ್ಕೆ ಲೆಕ್ಕ ಹಾಕಿದ ಪಂಚಾಂಗ ನೋಡಿ ಇಟ್ಟದ್ದು. ಬಂಗಲೆಯ ಮ್ಯಾನೇಜರ್ ಹತ್ತೂವರೆ ಅಂದರೆ ಹತ್ತೂವರೆ ಸುಮಾರಿಗೆ ಅಂದುಕೊಂಡಿದ್ದಳು ಪಾಪ.

ನಾನು ಮೊದಲು ಹೋಗೋದು ಅಲಂಕಾರದ ಕೋಣೆಗೆ. ಮೇಲಿನ ಮಹಡಿ, ಎತ್ತರದ ಕಿಟಕಿ. ಇಂಗ್ಲೆಂಡಿನ ಮೋಡವನ್ನು ಎಲ್ಲರೂ ಬೈತಾರೆ, ನಾನು ಬೈಯಲ್ಲ. ಆ ಕಿಟಕಿಯಿಂದ ಬರುವ ಮೆತ್ತನೆ ಬೆಳಕಿಗೆ ರೇಷ್ಮೆ ಸೀರೆಯ ಜರಿ ಹೇಗೆ ಕಾಣುತ್ತೆ ಅಂತ ಕಣ್ಣಾರೆ ನೋಡಬೇಕು. ಅದೇ ಜರಿಗೆ ನೇರ ಫ್ಲಾಶ್ ಹೊಡೆದರೆ ತಗಡಿನ ಥರ ಆಗಿಬಿಡುತ್ತೆ. ಅವತ್ತು ಕೋಣೆಯ ಅಮೃತಶಿಲೆಯ ಅಗ್ಗಿಷ್ಟಿಕೆ ಮೇಲೆ ಸ್ಟೀಲ್ ಡಬ್ಬಿಗಳ ಸಾಲಿತ್ತು. ಒಂದರಲ್ಲಿ ಕೋಡುಬಳೆ, ಒಂದರಲ್ಲಿ ಅರಿಸಿನ ಕುಂಕುಮ. ವಿಮಾನದಲ್ಲಿ ಬಂದ ಮಲ್ಲಿಗೆ ಬಾಡದಿರಲಿ ಅಂತ ಶಾಂಪೇನ್ ಇಡುವ ಐಸ್ ಬಕೆಟ್ಟಿನಲ್ಲಿ ಇಟ್ಟಿದ್ದರು. ಚಿಕ್ಕಮ್ಮ ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡು ಮೊಗ್ಗಿನ ಜಡೆ ಸರಿ ಮಾಡುತ್ತಿದ್ದರು. ಹುಡುಗಿ ಅಷ್ಟೊತ್ತಿಗೆ ಒಂದು ಇಡ್ಲಿಯನ್ನು ಲಿಪ್‌ಸ್ಟಿಕ್ ಹಾಳಾಗದ ಹಾಗೆ ತಿನ್ನೋ ಪ್ರಯತ್ನದಲ್ಲಿದ್ದಳು.

ಇಲ್ಲಿನ ಫೋಟೋಗ್ರಾಫರುಗಳು ಪಾಠ ಹೇಳುವಾಗ, ನೀವು ಅಲ್ಲಿ ಇರೋದೇ ಯಾರಿಗೂ ಗೊತ್ತಾಗಬಾರದು ಅನ್ನುತ್ತಾರೆ. ನಮ್ಮ ಮದುವೆಯಲ್ಲಿ ಅದು ಆಗದ ಮಾತು. ಒಳಗೆ ಕಾಲಿಟ್ಟ ತಕ್ಷಣ ತಿಂಡಿ ಆಯ್ತಾ, ಯಾವ ಊರು, ಮಕ್ಕಳೆಷ್ಟು ಅಂತ ವಿಚಾರಣೆ. ನಾನು ತಪ್ಪಿಸಿಕೊಳ್ಳೋದಿಲ್ಲ. ಕಾಫಿ ಕುಡೀತೀನಿ, ಸೆರಗಿಗೆ ಪಿನ್ ಹಾಕಿಕೊಡ್ತೀನಿ, ತಿಪಟೂರಲ್ಲಿ ನಮ್ಮ ತೋಟ ಎಲ್ಲಿ ಬರುತ್ತೆ ಅಂತ ಹೇಳ್ತೀನಿ. ಅರ್ಧ ಗಂಟೆ ಕಳೆದರೆ ಕ್ಯಾಮೆರಾ ಇರೋ ಇನ್ನೊಬ್ಬ ನೆಂಟಳು ಅಷ್ಟೇ. ಆಮೇಲೆ ಯಾರೂ ನನ್ನ ಕಡೆ ನೋಡಲ್ಲ.

ಗಂಡಸರ ಕಡೆ ಸ್ವಲ್ಪ ಕಷ್ಟ. ಕ್ಯಾಮೆರಾ ಕಂಡರೆ ಸಾಕು, ಚಿಕ್ಕಪ್ಪಂದಿರು ಕೈ ಕಟ್ಟಿ ಸಾಲಾಗಿ ನಿಂತುಬಿಡುತ್ತಾರೆ. ನಿಂತದ್ದನ್ನು ತೆಗೀತೀನಿ, ಥ್ಯಾಂಕ್ಸ್ ಹೇಳ್ತೀನಿ. ಆದರೆ ಕ್ಯಾಮೆರಾ ಕಣ್ಣಿಂದ ಇಳಿಸೋದಿಲ್ಲ. ಮುಗೀತು ಅಂದುಕೊಂಡು ಅವರು ಉಸಿರು ಬಿಟ್ಟು, ಒಬ್ಬರ ಹೊಟ್ಟೆ ನೋಡಿ ಇನ್ನೊಬ್ಬರು ನಗುವ ಆ ಗಳಿಗೆ ಇದೆಯಲ್ಲ, ನನಗೆ ಬೇಕಾದದ್ದು ಅದು.

ನನ್ನ ಹತ್ತಿರ ಎರಡು ಕ್ಯಾಮೆರಾ ಇರುತ್ತವೆ. ಒಂದರಲ್ಲಿ 35 ಎಂಎಂ ಲೆನ್ಸು, ಇನ್ನೊಂದರಲ್ಲಿ 85. ಹೊಸಬರು 85ನ್ನು ಜಾಸ್ತಿ ಪ್ರೀತಿಸುತ್ತಾರೆ. ಮುಖ ಮಾತ್ರ ಚೂಪಾಗಿ ಬಂದು ಹಿಂದಿನದೆಲ್ಲ ಕರಗಿ ಹೋಗುತ್ತೆ, ನೋಡೋಕೆ ಸೊಗಸು. ಆದರೆ ಹಿಂದಿನದೆಲ್ಲ ಕರಗಿ ಹೋದ ಮೇಲೆ ಅದು ಬಂಗಲೆಯಾದರೇನು, ಬಸವನಗುಡಿಯ ಛತ್ರವಾದರೇನು? 35 ಹಾಕಿದರೆ ಜನರ ಹತ್ತಿರಕ್ಕೇ ಹೋಗಬೇಕು. ಅಜ್ಜಿಯೂ ಬರುತ್ತಾರೆ, ಅಜ್ಜಿ ಒರಗಿದ ಓಕ್ ಹಲಗೆಯ ಗೋಡೆಯೂ ಬರುತ್ತೆ, ಅವರ ಚಪ್ಪಲಿ ಬಿಟ್ಟ ಕಡೆ ಹಾಸಿದ ರತ್ನಗಂಬಳಿಯೂ ಬರುತ್ತೆ. ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪು ಚಿತ್ರಗಳನ್ನು ನೋಡಿ ಈ ಕೆಲಸದ ಹುಚ್ಚು ಹಿಡಿಸಿಕೊಂಡವಳು ನಾನು. ಸಾಮಾನ್ಯ ಜನರನ್ನು ಅವರಿರುವ ಜಾಗದಲ್ಲೇ, ಅವರ ಪಾಡಿಗೆ ಬಿಟ್ಟು ತೋರಿಸೋದು ಹೇಗೆ ಅಂತ ಇವತ್ತಿಗೂ ಅಲ್ಲಿಂದಲೇ ಕಲೀತೀನಿ.

ಕಾಶೀಯಾತ್ರೆ ಬಂಗಲೆಯ ಮುಂದಿನ ಜಲ್ಲಿ ದಾರಿಯಲ್ಲೇ ನಡೆಯಿತು. ಗುಜರಾತಿ ಹುಡುಗನಿಗೆ ಇದು ಹೊಸದು. ಕೊಡೆ, ಕೋಲು, ಬೀಸಣಿಗೆ ಕೊಟ್ಟು ಹೊರಡು ಅಂದರು, ಹೊರಟ. ಅಷ್ಟರಲ್ಲಿ ನಿಜವಾಗಿಯೂ ಜಿನುಗು ಮಳೆ ಶುರುವಾಯಿತು. ಕಾಶೀಯಾತ್ರೆಯ ಕೊಡೆ ಉಪಯೋಗಕ್ಕೆ ಬಂದದ್ದನ್ನು ನಾನು ನೋಡಿದ್ದು ಅಲ್ಲೇ. ಹುಡುಗಿಯ ಅಪ್ಪ ಹಿಂದಿನಿಂದ ಹೋಗಿ ನಿಲ್ಲಿಸಬೇಕು. ಅವರಿಗೆ ಮಂಡಿನೋವು, ಹುಡುಗ ಉದ್ದ ಕಾಲಿನವನು, ದೂರ ಹೋಗಿಬಿಟ್ಟ. "ನಿಂತ್ಕೊಳೋ ಮಾರಾಯಾ" ಅಂತ ಕನ್ನಡದಲ್ಲೇ ಕೂಗಿದರು. ಅವನಿಗೆ ಕನ್ನಡ ಬರಲ್ಲ, ಆದರೆ ನಿಂತ. ಬಾಗಿಲಲ್ಲಿ ಇನ್ನೊಂದು ತಮಾಷೆ ಕಾದಿತ್ತು. ಗುಜರಾತಿಗಳಲ್ಲಿ ಅಳಿಯನನ್ನು ಬರಮಾಡಿಕೊಳ್ಳುವಾಗ ಅತ್ತೆ ಅವನ ಮೂಗು ಹಿಡಿಯಬೇಕು. ಹಾಸನದ ಅತ್ತೆಗೆ ನಾಚಿಕೆ. ಕೊನೆಗೆ ಹುಡುಗನ ಅಜ್ಜಿಯೇ ಅವರ ಕೈ ಹಿಡಿದು ಮೊಮ್ಮಗನ ಮೂಗಿನ ಹತ್ತಿರ ತಂದರು. ಆ ಚೌಕಟ್ಟಿನಲ್ಲಿ ಮೂರು ಜನರ ಮುಖವೂ ಇದೆ. ವರ್ಷದ ಕೆಲಸದಲ್ಲಿ ಅಂಥದು ಒಂದೆರಡು ಸಿಕ್ಕರೆ ನನಗೆ ಸಾಕು.

ಒಳಗೆ ಮಂಟಪದ ಹತ್ತಿರ ಬೆಳಕಿನ ತಲೆನೋವು. ಓಕ್ ಹಲಗೆ ಹೊದಿಸಿದ ಗೋಡೆ ಬೆಳಕನ್ನೆಲ್ಲ ನುಂಗುತ್ತೆ. ಮೇಲೆ ಬಣ್ಣ ಬಳಿದ ಎತ್ತರದ ಸೂರು, ಫ್ಲಾಶನ್ನು ಅಲ್ಲಿಗೆ ಹೊಡೆದು ವಾಪಸ್ ತರಿಸುವ ಆಟ ನಡೆಯಲ್ಲ. ಕಿಟಕಿಯ ಬೆಳಕು ತಣ್ಣಗೆ ನೀಲಿ, ತೂಗುದೀಪದ್ದು ಹಳದಿ. ಸಾಲದ್ದಕ್ಕೆ ಅಲಂಕಾರದವರು ಗೋಡೆಯ ಬುಡಕ್ಕೆಲ್ಲ ನೇರಳೆ ಎಲ್‌ಇಡಿ ಇಟ್ಟಿರುತ್ತಾರೆ. ಮದುಮಗಳ ಒಂದು ಕೆನ್ನೆ ನೀಲಿ, ಇನ್ನೊಂದು ನೇರಳೆ. ನಾನು ಬೆಳಿಗ್ಗೆಯೇ ಅಲಂಕಾರದ ಹುಡುಗರನ್ನು ಅಣ್ಣಾ ತಮ್ಮಾ ಅಂದು ಮಾತಾಡಿಸಿ, ಧಾರೆ ಮುಗಿಯೋವರೆಗೆ ಅದನ್ನು ಆರಿಸಿಡಿ ಅಂತ ಒಪ್ಪಿಸುತ್ತೇನೆ. ಒಪ್ಪದಿದ್ದರೆ ಕನಿಷ್ಠ ಮಂಟಪದ ಕಡೆಯ ಎರಡನ್ನಾದರೂ.

ಎಲ್‌ಇಡಿಯಲ್ಲಿ ಇನ್ನೊಂದು ತೊಂದರೆ ಇದೆ. ಈಗಿನ ಕ್ಯಾಮೆರಾಗಳಲ್ಲಿ ಸದ್ದಿಲ್ಲದ ಶಟರ್ ಬಂದಿದೆಯಲ್ಲ, ಅದರಲ್ಲಿ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತೆ. ಎಲ್‌ಇಡಿ ನಮ್ಮ ಕಣ್ಣಿಗೆ ಕಾಣದ ಹಾಗೆ ಮಿಟುಕುತ್ತಾ ಇರುತ್ತೆ. ಎರಡೂ ಸೇರಿದರೆ ಫೋಟೋ ತುಂಬಾ ಅಡ್ಡ ಪಟ್ಟೆ. ಸಿವಿಲ್ ಮದುವೆಯಲ್ಲಿ ಸದ್ದಿಲ್ಲದ ಶಟರ್ ಬೇಕೇ ಬೇಕು, ಅಲ್ಲಿ ಸೂಜಿ ಬಿದ್ದರೂ ರಿಜಿಸ್ಟ್ರಾರ್ ತಿರುಗಿ ನೋಡುತ್ತಾರೆ. ನಮ್ಮ ಮಂಟಪದಲ್ಲಿ ಅದರ ಗೊಡವೆ ಇಲ್ಲ. ನಾದಸ್ವರ, ಡೋಲು, ಜೊತೆಗೆ ಪುರೋಹಿತರ ಮೈಕು. ಗಟ್ಟಿಮೇಳ ಅಂದ ಮೇಲೆ ನನ್ನ ಶಟರ್ ಸದ್ದು ನನಗೇ ಕೇಳಲ್ಲ. ಮಾಮೂಲಿ ಶಟರ್ ಹಾಕಿ, ಕಡಿಮೆ ಬೆಳಕಲ್ಲೂ ಚಿತ್ರ ಬರಲಿ ಅಂತ ಐಎಸ್‌ಒ 6400ಕ್ಕೆ ಏರಿಸಿ ಆರಾಮಾಗಿ ಕೆಲಸ ಮಾಡ್ತೀನಿ.

ಹೋಮದ ವಿಷಯಕ್ಕೆ ಬರೋಣ. ಈ ಮನೆಗಳಲ್ಲಿ ಹಲವು ಪಾರಂಪರಿಕ ಕಟ್ಟಡದ ಪಟ್ಟಿಯಲ್ಲಿರುವಂಥವು. ಗೋಡೆಗೆ ಒಂದು ಮೊಳೆ ಹೊಡೆಯೋ ಹಾಗಿಲ್ಲ, ಒಳಗೆ ಬೆಂಕಿಯಂತೂ ದೂರದ ಮಾತು. ಕೆಲವರು ಹೋಮವನ್ನು ಹೊರಗೆ ಹುಲ್ಲಿನ ಮೇಲೆ ಮಾಡಿ ಅನ್ನುತ್ತಾರೆ. ಈ ಜೂನ್ ಮದುವೆಯ ಬಂಗಲೆಯಲ್ಲಿ ಒಳಗೇ ಒಪ್ಪಿಗೆ ಇತ್ತು, ಆದರೆ ಷರತ್ತುಗಳ ಜೊತೆ. ಕುಂಡ ಚಿಕ್ಕದಿರಬೇಕು, ಕೆಳಗೆ ಬೆಂಕಿ ತಾಗದ ಹಾಸು, ಹೊಗೆಯ ಅಲಾರಂ ಅಷ್ಟು ಹೊತ್ತು ಬಂದ್. ಅದಕ್ಕೆ ಬದಲಾಗಿ ಕಪ್ಪು ಸೂಟು ಹಾಕಿದ ಒಬ್ಬ ಮನುಷ್ಯ ಕೆಂಪು ಸಿಲಿಂಡರ್ ಹಿಡಿದು ಮಂಟಪದ ಪಕ್ಕ ನಿಂತಿರುತ್ತಾನೆ. ಪುರೋಹಿತರು ಒಂದು ಚಮಚ ತುಪ್ಪ ಜಾಸ್ತಿ ಹಾಕಿದರೂ ಅವನು ಒಂದು ಹೆಜ್ಜೆ ಮುಂದೆ ಬರುತ್ತಾನೆ. ಪ್ರದಕ್ಷಿಣೆ ನಾಲ್ಕೋ ಏಳೋ ಅಂತ ಎರಡೂ ಕಡೆಯ ಅತ್ತೆಯಂದಿರ ನಡುವೆ ಚರ್ಚೆ ನಡೆದಾಗ ಅವನು ಇಬ್ಬರ ಮಾತನ್ನೂ ಗಮನವಿಟ್ಟು ಕೇಳುತ್ತಿದ್ದ. ಗುಜರಾತಿಗಳದ್ದು ನಾಲ್ಕು ಪ್ರದಕ್ಷಿಣೆ. ಕೊನೆಗೆ ನಾಲ್ಕು ಸುತ್ತು ಆದ ಮೇಲೆ ನಮ್ಮ ಸಪ್ತಪದಿ ಅಂತ ರಾಜಿ ಆಯಿತು.

ಆಮೇಲೆ ಕೇಳುತ್ತಾರೆ, "ಆ ಸಿಲಿಂಡರ್ ಮನುಷ್ಯನನ್ನ ಅಳಿಸಿಬಿಡ್ತೀರಾ?" ಈಗಿನ ಸಾಫ್ಟ್‌ವೇರಿನಲ್ಲಿ ಒಂದು ನಿಮಿಷದ ಕೆಲಸ ಅದು. ನಾನು ಒಲ್ಲೆ ಅನ್ನುತ್ತೇನೆ. ಡಾಕ್ಯುಮೆಂಟರಿ ಬೇಕು ಅಂದವರು ನೀವೇ ಅಲ್ವಾ? ಅವನೂ ಆ ಮದುವೆಗೆ ಬಂದವನೇ. ಅವನಿಲ್ಲದಿದ್ದರೆ ಹೋಮವೇ ಇರುತ್ತಿರಲಿಲ್ಲ.

ಅಕ್ಷತೆಗೂ ನಿಷೇಧ ಇತ್ತು. ಅರಿಸಿನ ಕಲೆ ಕಂಬಳಿಯಿಂದ ಹೋಗಲ್ಲ ಅಂತ ಒಪ್ಪಂದದಲ್ಲೇ ಬರೆದಿದ್ದರು. ಧಾರೆ ಎರೆಯುವ ಕಡೆ ನೆಲಕ್ಕೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಜಮಖಾನೆ, ಅದರ ಮೇಲೆ ಹಿತ್ತಾಳೆ ತಟ್ಟೆ. ಜನಕ್ಕೆಲ್ಲ ಬುಟ್ಟಿಯಲ್ಲಿ ಗುಲಾಬಿ ದಳ ಹಂಚಿದ್ದರು. ಅಂತರಪಟ ಹಿಡಿದರು. ಇದು ಇಬ್ಬರಲ್ಲೂ ಇರುವ ಶಾಸ್ತ್ರ, ಇಲ್ಲಿ ಯಾರಿಗೂ ಏನೂ ವಿವರಿಸಬೇಕಾಗಲಿಲ್ಲ. ಬಟ್ಟೆಯ ಮೇಲಿಂದ ಜೀರಿಗೆ ಬೆಲ್ಲ ಬಿತ್ತು. ಎಲ್ಲ ಫೋಟೋಗ್ರಾಫರುಗಳೂ ಆಗ ಮದುಮಕ್ಕಳ ಮುಖಕ್ಕೇ ಗುರಿಯಿಡುತ್ತಾರೆ, ನನ್ನ ಜೊತೆಗಾರನೂ ಅದನ್ನೇ ಮಾಡುತ್ತಿದ್ದ. ನಾನು ಮುಂದಿನ ಸಾಲಿನ ಕಡೆ ತಿರುಗಿದೆ. ಹಾಸನದ ಅಜ್ಜಿಯ ಕೈ ವ್ಯಾನಿಟಿ ಬ್ಯಾಗಿನೊಳಗೆ ಇತ್ತು. ಮಾಂಗಲ್ಯ ಕಟ್ಟುವ ಹೊತ್ತಿಗೆ ಆ ಕೈ ಮೇಲೆ ಬಂತು. ಟಿಶ್ಯೂ ಕಾಗದದಲ್ಲಿ ಕಟ್ಟಿ ತಂದ ಅಕ್ಷತೆ! ಗುಲಾಬಿ ದಳದ ನಡುವೆ ಹಳದಿ ಕಾಳು ಹಾರಿದ್ದು, ಅದರ ಹಿಂದೆ ಬಾಯಿ ತೆರೆದು ನಿಂತ ಮ್ಯಾನೇಜರ್, ಎರಡೂ ಒಂದೇ ಫೋಟೋದಲ್ಲಿ ಸಿಕ್ಕವು. ಕಂಬಳಿಗೆ ಏನೂ ಆಗಲಿಲ್ಲ. ಚಿಕ್ಕಮ್ಮಂದಿರು ಮಂಡಿಯೂರಿ ಒಂದೊಂದೇ ಕಾಳು ಆರಿಸಿದರು. ಅದನ್ನೂ ತೆಗೆದೆ.

ಧಾರೆಗೂ ಊಟಕ್ಕೂ ನಡುವೆ ಒಂದು ಗಂಟೆ ಸಿಗುತ್ತೆ. ಮಂಟಪ ಬಿಚ್ಚಿ ಅದೇ ಹಾಲ್‌ನಲ್ಲಿ ದುಂಡು ಟೇಬಲ್ ಹಾಕಬೇಕು. ಗ್ರೂಪ್ ಫೋಟೋ ಮುಗಿಸೋದು ನಾನು ಆಗಲೇ, ಹುಲ್ಲುಹಾಸಿನ ಮೇಲೆ. ಇದನ್ನು ಕೀಳಾಗಿ ನೋಡುವ ಡಾಕ್ಯುಮೆಂಟರಿ ಫೋಟೋಗ್ರಾಫರುಗಳು ಇದ್ದಾರೆ. ನನಗೆ ಆ ಜಂಭ ಅರ್ಥವಾಗಲ್ಲ. ಅರಕಲಗೂಡಿನಿಂದ ಎಂಬತ್ತು ದಾಟಿದವರು ವೀಸಾ ಮಾಡಿಸಿ ಹತ್ತು ಗಂಟೆ ವಿಮಾನದಲ್ಲಿ ಕೂತು ಬಂದಿರುತ್ತಾರೆ. ಅವರು ನೆಟ್ಟಗೆ ನಿಂತು ಒಂದು ಫೋಟೋ ಬೇಕು ಅಂದರೆ ತೆಗೆಯಬೇಕು. ಇಷ್ಟೇ, ಗುಂಪುಗಳ ಪಟ್ಟಿ ಮುಂಚೆ ಕೊಡಿ ಅನ್ನುತ್ತೇನೆ. ಪ್ರತಿ ಗುಂಪಿನ ಹೆಸರು ಕೂಗೋಕೆ ಗಟ್ಟಿ ಗಂಟಲಿನ ಒಬ್ಬ ಸೋದರಮಾವನನ್ನು ನೇಮಿಸಿ ಅನ್ನುತ್ತೇನೆ. ಮುಗಿದ ತಕ್ಷಣ ಒಳಗೆ ಓಡುತ್ತೇನೆ. ಅಲ್ಲಿ ಮಂಟಪದ ಕಂಬಗಳನ್ನು ಹೊತ್ತು ಹೋಗುವ ಹುಡುಗರು, ಮೇಜುಬಟ್ಟೆ ಬೀಸಿ ಹಾಸುವವರು. ಇಡೀ ದಿನದಲ್ಲಿ ನನಗೆ ತುಂಬಾ ಇಷ್ಟವಾದ ಗಂಟೆ ಅದು. ಮದುವೆ ಮನೆಯವರು ಯಾರೂ ಅದನ್ನು ನೋಡಿರಲ್ಲ.

ಊಟದ ಬಗ್ಗೆ ಜಾಸ್ತಿ ಹೇಳಲ್ಲ. ಬಂಗಲೆಯ ಅಡುಗೆಮನೆಯಲ್ಲಿ ಒಗ್ಗರಣೆಗೆ ಅವಕಾಶ ಇಲ್ಲದ್ದರಿಂದ ಹಿತ್ತಲಿನ ಟೆಂಟಿನಲ್ಲೇ ಎಲ್ಲ ನಡೆಯಿತು. ದುಂಡು ಟೇಬಲ್ಲಿಗೆ ಬಾಳೆ ಎಲೆ ಹೊಂದಲ್ಲ, ತುದಿ ಒಂದರ ಮೇಲೊಂದು ಬರುತ್ತೆ, ಆದರೂ ಹಾಕಿದರು. ಕೆಲಸಗಾರರಿಗೆ ಅಂತ ಬಂಗಲೆಯವರು ಹಿಂದಿನ ಕೋಣೆಯಲ್ಲಿ ಸ್ಯಾಂಡ್‌ವಿಚ್ ಇಟ್ಟಿರುತ್ತಾರೆ. ಹುಡುಗಿಯ ಅಮ್ಮ ಬಂದು "ಹೋಳಿಗೆ ಬಿಟ್ಟು ಇದ್ಯಾಕಮ್ಮ ತಿಂತೀಯಾ" ಅಂತ ಎಬ್ಬಿಸಿಕೊಂಡು ಹೋದರು.

ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗೋದು ರಾತ್ರಿ ಒಂಬತ್ತು ದಾಟಿದ ಮೇಲೆ. ಎಂಟೂವರೆಗೆ ಮಳೆ ಬಿಟ್ಟು ಕೆಂಪು ಬಿಸಿಲು ಬಂದಾಗ ಜೋಡಿಯನ್ನು ಹತ್ತು ನಿಮಿಷ ಹೊರಗೆ ಕರೆದುಕೊಂಡು ಹೋದೆ. ಹೇಗೆ ನಿಲ್ಲಬೇಕು ಅಂತ ಏನೂ ಹೇಳಲಿಲ್ಲ. ಹುಡುಗಿ ಜಡೆ ಭಾರ ಅಂತ ಕತ್ತು ಹಿಡಿದುಕೊಂಡಳು, ಹುಡುಗ ಹಿಂದಿನಿಂದ ಜಡೆ ಎತ್ತಿ ಹಿಡಿದ. ಡಿಸೆಂಬರ್ ಮದುವೆಗಳಲ್ಲಿ ಇದೆಲ್ಲ ನಡೆಯಲ್ಲ, ಮಧ್ಯಾಹ್ನ ನಾಲ್ಕಕ್ಕೇ ಕತ್ತಲು.

ಫೋಟೋಗಳನ್ನು ಕಳಿಸಿದ ಮೇಲೆ ಹುಡುಗಿ ಫೋನ್ ಮಾಡಿ ಅಜ್ಜಿಯ ಅಕ್ಷತೆ ಫೋಟೋ ನೋಡಿ ಎಷ್ಟು ನಕ್ಕೆವು ಅಂತ ಹೇಳಿದಳು. ಅದಾದ ಮೇಲೆ ಅವರಪ್ಪನ ಫೋನ್. "ಎಲ್ಲಾ ಚೆನ್ನಾಗಿದೆಯಮ್ಮ. ಆದ್ರೆ ಬಂಗಲೆ ಪೂರ್ತಿ ಕಾಣೋ ಫೋಟೋ ಎರಡೇ ಇದೆಯಲ್ಲ? ಅಷ್ಟು ಬಾಡಿಗೆ ಕೊಟ್ಟಿದೀವಿ." ದುಡ್ಡು ಕೊಟ್ಟವರ ಮಾತು, ನಗೋಕೆ ಆಗಲ್ಲ. ಆ ಮದುವೆಗೆ ಎರಡು ಆಲ್ಬಮ್ ಮಾಡಿಕೊಟ್ಟೆ. ಹಿರಿಯರದ್ದರಲ್ಲಿ ಗುಂಪುಗಳು, ಮುಂದಿನ ಕಂಬಗಳು, ಮೆಟ್ಟಿಲು. ಮಕ್ಕಳದ್ದರಲ್ಲಿ ಐಸ್ ಬಕೆಟ್ಟಿನ ಮಲ್ಲಿಗೆ, ಸಿಲಿಂಡರ್ ಮನುಷ್ಯ, ಮೂಗು. ಈಗ ಎಲ್ಲರಿಗೂ ಹಾಗೇ ಮಾಡುತ್ತೇನೆ, ಮೊದಲೇ ಹೇಳಿ ದರದಲ್ಲೂ ಸೇರಿಸಿರುತ್ತೇನೆ.

ಈ ಶನಿವಾರ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಇನ್ನೊಂದು ಮದುವೆ. ಹುಡುಗಿ ಪೋಸ್ ಬೇಡವೇ ಬೇಡ ಅಂದಿದ್ದಾಳೆ. ಅವರ ಅಪ್ಪನಿಂದ ಗುಂಪುಗಳ ಪಟ್ಟಿ ಬಂದಿದೆ, ಮೂವತ್ತೆಂಟು ಇವೆ. ಅದನ್ನು ಹದಿನೈದಕ್ಕೆ ಇಳಿಸಬೇಕು. ಸಂಜೆ ಫೋನ್ ಮಾಡಿ ಮಾತಾಡಬೇಕು.